ಏಳನೆಯವರ ನೀರು

ಹೋದ ವರ್ಷ ನೀರು ತುಂಬುವ ಹಬ್ಬಕ್ಕೆ ಮೊದಲು ನನ್ನ ಮನೆಗೆ ತಲೆ ಕೊಟ್ಟವರು ಐದು ಜನ. ಪಕ್ಕದ ಮನೆಯ ಜುಬೇದಮ್ಮ, ಎದುರು ಮನೆಯ ಪೋಸ್ಟ್ ಮಾಸ್ಟರ್ ವೆಂಕಟಾಚಲಯ್ಯ, ಅವರ ಹೆಂಡತಿ ಶಾರದಮ್ಮ, ಮೂಲೆಮನೆಯ ಅಕ್ಕತಂಗಿಯರಾದ ಲೂಸಿ ಮತ್ತು ಫಿಲೋಮಿನಾ. ಅವರ ಹೆಸರು ಮೊದಲು ಬರಲಿ ಎಂದು ಹೀಗೆ ಶುರು ಮಾಡಿದ್ದೇನೆ. ಉಳಿದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಊರಿನ ನಲ್ಲಿಗಳಲ್ಲಿ ನೀರು ಬರುವುದು ದಿನಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೆ. ಆಗ ಮನೆಯೊಳಗೆ ಎಷ್ಟು ತಲೆ ಇವೆಯೋ ಅಷ್ಟು ಜನರ ಪಾಲು ಬಂದು ನಿಲ್ಲುತ್ತದೆ. ತಲೆಗೆ ಎಂಟು ಕೊಡ. ದೊಡ್ಡವರು, ಮಕ್ಕಳು ಎಂಬ ಭೇದವಿಲ್ಲ. ಪ್ರತಿ ಮನೆಯ ಬಚ್ಚಲಿನಲ್ಲೂ ನಲ್ಲಿಯ ಮೇಲೆ ಗಾಜಿನೊಳಗೆ ಒಂದು ಹಿತ್ತಾಳೆಯ ಮುಳ್ಳು ಇರುತ್ತದೆ. ನೀರು ಶುರುವಾದಾಗ ಅದು ತಿರುಗಿ ಮನೆಯಲ್ಲಿರುವವರ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಸಂಜೆ ಯಾರೂ ಇನ್ನೊಬ್ಬರ ಜಗಲಿಯ ಮೇಲೆ ಕೂರುವುದಿಲ್ಲ. ಹರಟೆ ಎಷ್ಟೇ ರುಚಿಯಾಗಿದ್ದರೂ ಬೆಳಕು ಕಂದುತ್ತಿದ್ದಂತೆ ಎದ್ದು ಮನೆಗೆ ಓಡುತ್ತಾರೆ. ಅಂಗಡಿಗಳು ಐದೂವರೆಗೆ ಮುಚ್ಚುತ್ತವೆ. ಸೊಸೆ ಮುನಿಸಿಕೊಂಡು ತವರಿಗೆ ಹೊರಟರೆ ಅತ್ತೆಯಾದವಳು "ನೀರು ಬಂದ ಮೇಲೆ ಹೋಗು" ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಮುನಿಸು ಇಳಿದಿರುತ್ತದೆ, ಇಲ್ಲವೇ ಬಸ್ಸು ಹೋಗಿರುತ್ತದೆ.

ಭೂಗೋಳದಲ್ಲಿ ಎಂ.ಎ. ಮಾಡಿಕೊಂಡು ನಕ್ಷೆಯಲ್ಲೇ ಇಲ್ಲದ ಊರಿಗೆ ಮದುವೆಯಾಗಿ ಬಂದೆಯಲ್ಲ ಎಂದು ಗಂಡ ಪಂಚಾಕ್ಷರಿ ನನ್ನನ್ನು ಛೇಡಿಸುತ್ತಿದ್ದರು. ನಾವು ಒಟ್ಟಿಗೆ ಇದ್ದದ್ದು ಎರಡು ವರ್ಷ. ಒಂಬತ್ತು ದಿನದ ಜ್ವರದಲ್ಲಿ ಅವರು ಹೋದರು. ಮನೆ ತುಂಬ ಜನ ಇದ್ದಷ್ಟು ದಿನ ಮುಳ್ಳನ್ನು ಯಾರೂ ನೋಡಲಿಲ್ಲ. ಹನ್ನೆರಡನೆಯ ದಿನ ಎಲ್ಲರೂ ಹೊರಟರು. ಆ ಸಂಜೆ ಎಂಟು ಕೊಡ ನೀರು ಬಂತು.

ಅದಾದ ಮೇಲಿನ ಹದಿನಾಲ್ಕು ತಿಂಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ತೆಗೆಯುತ್ತಿರಲಿಲ್ಲ. ಅವರೂ ಆಮೇಲೆ ತಟ್ಟುವುದನ್ನು ಬಿಟ್ಟರು.

ಹಬ್ಬಕ್ಕೆ ಎಂಟು ದಿನ ಇದೆ ಎನ್ನುವಾಗ ನಾದಿನಿ ದಾಕ್ಷಾಯಣಿ ಫೋನು ಮಾಡಿದಳು. ಅವಳಿರುವುದು ಬೇರೆ ಊರಿನಲ್ಲಿ, ಅತ್ತೆ ಮಾವನ ಪಕ್ಕದ ಬೀದಿಯಲ್ಲಿ.

"ಅತ್ತಿಗೆ, ಅಮ್ಮ ತಲೆಗೆ ಎರಕೊಂಡಿಲ್ಲ."

"ಯಾವತ್ತಿಂದ?"

"ಅಣ್ಣ ಹೋದಾಗಿಂದ. ಎಣ್ಣೆ ಇಲ್ಲ, ಬಾಚಣಿಗೆ ಇಲ್ಲ. ಅಣ್ಣಂದು ಒಂದು ಚೌಕಳಿ ಟವೆಲ್ ಇತ್ತಲ್ಲ, ಅದನ್ನ ಸುತ್ಕೊಂಡಿರ್ತಾಳೆ. ಒಳಗೆ ಕೂದಲು ಗಂಟುಗಂಟಾಗಿ ನೆತ್ತಿಯೆಲ್ಲ ಹುಣ್ಣು. ಡಾಕ್ಟ್ರು ಬೋಳಿಸ್ಬೇಕು ಅಂತಾರೆ. ಊರವ್ರು ಜಡೆ ಬಂದಿದೆ, ಕತ್ತರಿ ಮುಟ್ಟಿಸ್ಬೇಡಿ, ದೇವ್ರಿಗೆ ಬಿಡಿ ಅಂತಾರೆ. ಇವಳು ಯಾರ ಮಾತೂ ಕೇಳಲ್ಲ."

"ಏನಂತಾರೆ?"

"ಎರಕೊಂಡ್ರೆ ಪಂಚು ಬಚ್ಚಲಲ್ಲೇ ಎರಕೊಂತೀನಿ, ಹಬ್ಬದ ದಿನ. ಇಲ್ಲಾಂದ್ರೆ ಇಲ್ಲ, ಅಂತಾಳೆ. ನಿಮಗೆ ಹೇಳೋಕೆ ಸಂಕೋಚ ಆಯ್ತು."

ಬನ್ನಿ ಎಂದೆ. ಅತ್ತೆ, ಮಾವ, ದಾಕ್ಷಾಯಣಿ, ಅವಳ ಗಂಡ ನಟರಾಜ, ಆರು ವರ್ಷದ ಮಗಳು ಇಂಚರ. ನಾನು ಸೇರಿ ಆರು. ಫೋನು ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನೋಡಿದೆ. ಹಂಡೆಯ ತಳ ಕಪ್ಪಾಗಿತ್ತು, ತೊಟ್ಟಿಯ ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ನಲ್ಲಿಯ ಹಿಡಿ ಗಡುಸಾಗಿ ಪೂರ್ತಿ ತಿರುಗುತ್ತಿರಲಿಲ್ಲ.

ಮಾರನೆಯ ದಿನ ಪ್ಲಂಬರ್ ಕರಿಬಸಣ್ಣ ಬಂದರು. ನಲವತ್ತರ ಹತ್ತಿರದ ಆಳು. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಊರಿನ ಅರ್ಧ ಗೋಡೆಗಳ ಒಳಗೆ ಏನಿದೆ ಎಂಬುದು ಅವರಿಗೆ ಬಾಯಿಪಾಠ. ಪೈಪಿಗೆ ಕಿವಿ ಇಟ್ಟು, ನಟ್ಟು ಬಿಗಿಯುವ ಪಾನಾದಿಂದ ಅಲ್ಲಲ್ಲಿ ಕುಟ್ಟಿ, ತೊಟ್ಟಿಯ ಮೇಲೆ ಪೈಪು ತಿರುಗುವ ಕಡೆಯ ಎಲ್ಬೋ ಬಿಚ್ಚಿ ನನಗೆ ತೋರಿಸಿದರು. ಒಳಗೆಲ್ಲ ಸುಣ್ಣ ಕಟ್ಟಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು.

"ಇದು ಒಬ್ರ ನೀರಿಗೆ ಒಗ್ಗೋಗಿದೆ ಅಮ್ಮ. ಆರು ಜನದ್ದು ಒಂದೇ ಸಲ ನುಗ್ಗಿದ್ರೆ ಗೋಡೆ ಒಳಗೇ ಸೀಳ್ತದೆ. ಆಮೇಲೆ ನೆಂಟ್ರಿಗೆ ಎಣ್ಣೆ ಹಚ್ಚಿ ಕೆರೆಗೆ ಕರ್ಕೊಂಡು ಹೋಗ್ಬೇಕು ನೀವು."

"ಹೊಸ ಪೈಪ್ ಹಾಕೋಕಾಗಲ್ವಾ?"

"ಹಾಕ್ಬೋದು. ಹೊಸ ಪೈಪನ್ನ ನೀರು ಗುರುತು ಹಿಡಿಯೋಕೆ ಮೂರು ತಿಂಗಳು. ಹಬ್ಬ ಮುಂದಿನ ವಾರ."

"ಮತ್ತೆ?"

"ದಿನಕ್ಕೊಂದು ತಲೆ ಹೆಚ್ಚಿಸ್ತಾ ಹೋಗ್ಬೇಕು. ಒಂದಿನ ಎರಡು, ಮಾರನೇ ದಿನ ಮೂರು. ನೀರೇ ಸುಣ್ಣ ಕೊರ್ಕೊಂಡು ದಾರಿ ಮಾಡ್ಕೊಳ್ತದೆ. ಅಕ್ಕಪಕ್ಕದವ್ರನ್ನ ಕೇಳಿ, ತಲೆ ಕೊಡ್ತಾರೆ."

ತಲೆ ಕೊಡುವುದು ಸಣ್ಣ ಉಪಕಾರವಲ್ಲ. ಸಂಜೆ ನನ್ನ ಮನೆಯಲ್ಲಿ ಕೂತವರ ಪಾಲು ಅವರ ಮನೆಗೆ ಬರುವುದಿಲ್ಲ. ಇಲ್ಲಿಂದ ಕೊಡದಲ್ಲಿ ಹೊತ್ತುಕೊಂಡು ಹೋಗುವ ಹಾಗೂ ಇಲ್ಲ. ಬೇರೆಯವರ ತಲೆಯ ನೀರು ಹೊಸಿಲು ದಾಟಿದರೆ ಪೈಪು ಮತ್ತೆ ಬಿಗಿದುಕೊಳ್ಳುತ್ತದೆ. ಹದಿನಾಲ್ಕು ತಿಂಗಳು ಬಾಗಿಲು ತೆಗೆಯದವಳು ಯಾರ ಬಾಗಿಲಿಗೆ ಹೋಗಿ ನಿಮ್ಮ ಸ್ನಾನ ಬಿಡಿ ಎಂದು ಕೇಳಲಿ. ನಾನು ಕೇಳಲಿಲ್ಲ. ಕರಿಬಸಣ್ಣ ಹೋಗುವಾಗ ಪಾನಾದಿಂದ ಬೀದಿಯ ಬಾಗಿಲುಗಳನ್ನು ತಟ್ಟುತ್ತಾ ಹೋದದ್ದು ನನಗೆ ಗೊತ್ತಾದದ್ದು ಆಮೇಲೆ.

ಮಾರನೆಯ ಸಂಜೆ ಐದೂವರೆಗೆ ಬಾಗಿಲ ಹೊರಗೆ ಜುಬೇದಮ್ಮನ ದನಿ ಕೇಳಿತು.

"ಬಾಗಿಲು ತೆಗಿ ಮಗಳೇ. ತಲೆ ತಂದಿದ್ದೀನಿ."

ತೆಗೆದೆ. ಕಾಜಾ ಹಾಕುವುದಕ್ಕೆಂದು ನಾಲ್ಕು ಬ್ಲೌಸು ಬಗಲಲ್ಲಿಟ್ಟುಕೊಂಡು ನಿಂತಿದ್ದರು. ಒಳಗೆ ಬಂದು ಚಾಪೆ ತಾವೇ ಹಾಸಿಕೊಂಡರು. ದಾರ ಪೋಣಿಸುತ್ತಾ, "ನೀನು ಮಾತಾಡ್ಬೇಕು ಅಂತೇನಿಲ್ಲ. ನನಗೆ ಕೆಲಸ ಇದೆ" ಎಂದರು. ನೀರು ಬಂದಾಗ ಮುಳ್ಳು ಎರಡರ ಮೇಲೆ ನಿಂತಿತು. ಪೈಪಿನೊಳಗೆ ಮರಳು ಉಜ್ಜಿದಂಥ ಸದ್ದಾಯಿತು. ಜುಬೇದಮ್ಮನ ಮನೆಯಲ್ಲಿ ಐದು ಜನ, ಮೊಮ್ಮಗು ಬೇರೆ. ಅವರು ಐದು ಸಂಜೆಯೂ ಬಂದರು.

ಎರಡನೆಯ ದಿನ ವೆಂಕಟಾಚಲಯ್ಯನವರು ಕುರ್ಚಿ ಹೊತ್ತು ಬಂದರು. "ನಿಮ್ಮ ಮನೆ ಕುರ್ಚಿ ಮೇಲೆ ನಂಬಿಕೆ ಇಲ್ಲ ಕಣಮ್ಮ, ಬೆನ್ನು ನೋವು" ಎಂದರು. ಮೂರನೆಯ ದಿನ ಅವರ ಹಿಂದೆಯೇ ಶಾರದಮ್ಮ. "ಮೂವತ್ತೆಂಟು ವರ್ಷ ಆಯ್ತು ಮದುವೆಯಾಗಿ. ನಿನ್ನೆ ನಮ್ಮನೆ ಮುಳ್ಳು ಒಂದು ಅಂತ ತೋರಿಸ್ತು. ನೋಡೋಕಾಗ್ಲಿಲ್ಲ ನನಗೆ" ಎಂದವರು ನನ್ನ ಮುಖ ನೋಡಿ ಸೆರಗು ಸರಿಮಾಡಿಕೊಂಡರು. ನಾನು ಅವರಿಗೆ ಕಾಫಿ ಕೊಟ್ಟೆ. ಅವರಿಬ್ಬರೂ ಇಲ್ಲೇ ಕೂತದ್ದರಿಂದ ಅವರ ಮನೆಗೆ ಮೂರು ದಿನ ಒಂದು ಹನಿಯೂ ಬರಲಿಲ್ಲ. ನಾನು ಆ ಮಾತು ಎತ್ತಿದರೆ ಶಾರದಮ್ಮ, "ಚಳಿ ಶುರುವಾಯ್ತಲ್ಲ, ಸ್ನಾನಕ್ಕೆ ಯಾರು ಅಳ್ತಾರೆ" ಎಂದರು. ವೆಂಕಟಾಚಲಯ್ಯನವರು, "ಇವಳ ಹತ್ತಿರ ಕೂತ್ಕೋಬೇಕಲ್ಲ ನಾನು, ನನ್ನ ಕೇಳಿ" ಎಂದರು. ಜುಬೇದಮ್ಮ ನಕ್ಕು ಸೂಜಿ ಚುಚ್ಚಿಕೊಂಡರು.

ನಾಲ್ಕನೆಯ ದಿನ ಲೂಸಿ, ಐದನೆಯ ದಿನ ಫಿಲೋಮಿನಾ. ಹಗಲು ಶಾಲೆಯಿಂದ ಬಂದು ನಾನು ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿದೆ, ತೊಟ್ಟಿ ತೊಳೆದೆ. ಅಕ್ಕತಂಗಿಯರು ಹಂಡೆಯ ಸುತ್ತ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದರು. ತಮ್ಮ ಹಬ್ಬವಲ್ಲದಿದ್ದರೂ ಪಟ್ಟೆ ಸೊಟ್ಟ ಬಂದಿದೆ ಎಂದು ಒಬ್ಬರನ್ನೊಬ್ಬರು ಬೈದುಕೊಂಡರು.

ಐದನೆಯ ಸಂಜೆ ಮುಳ್ಳು ಆರರ ಮೇಲೆ ನಿಂತಾಗ ಕರಿಬಸಣ್ಣ ಬೀದಿಯಲ್ಲೇ ನಿಂತಿದ್ದರು. ನೀರು ನಿಂತ ಮೇಲೆ ಒಳಗೆ ಬಂದು ಎಲ್ಬೋ ಮುಟ್ಟಿ ನೋಡಿದರು. ಬೆರಳು ಒದ್ದೆಯಾಯಿತು. ಹೊಸದಾಗಿ ಸೆಣಬು ಸುತ್ತಿ ಬಿಗಿ ಮಾಡಿದರು.

"ಆರು ತಡೀತದೆ. ಏಳು ತಡೆಯಲ್ಲ. ನಾಳೆ ಆ ಹೊತ್ತಿಗೆ ಬೇರೆ ಯಾರನ್ನೂ ಒಳಗೆ ಬಿಡ್ಬೇಡಿ. ನಿಮಗೆ ತಲೆ ಕೊಟ್ಟವ್ರನ್ನೂ ಬಿಡ್ಬೇಡಿ."

ಹಬ್ಬದ ಹಿಂದಿನ ದಿನ, ನೀರು ತುಂಬುವ ದಿನ, ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಬಂದರು. ಅತ್ತೆಯ ತಲೆಯ ಮೇಲೆ ನೀಲಿ ಚೌಕಳಿಯ ಟವೆಲ್ಲಿತ್ತು. ಅದನ್ನು ನಾನು ಎಷ್ಟೋ ಸಲ ಒಗೆದಿದ್ದೆ. ಹತ್ತಿರ ಬಂದಾಗ ಔಷಧಿಯ ವಾಸನೆ ಬಂತು. ಅವರು ನನ್ನ ಗಲ್ಲ ಮುಟ್ಟಿ, "ಇಳಿದು ಹೋಗಿದ್ದೀಯ" ಎಂದರು. ಆಮೇಲೆ ನೆಟ್ಟಗೆ ಬಚ್ಚಲಿಗೆ ಹೋಗಿ ಮಣೆ, ಹಂಡೆ, ನಲ್ಲಿ, ಮುಳ್ಳು ಎಲ್ಲವನ್ನೂ ನೋಡಿದರು. ಅವರ ಊರಿನಲ್ಲಿ ನೀರಿಗೆ ಲೆಕ್ಕ ಬರುವುದಿಲ್ಲ.

"ಮನೇಲಿ ಎಷ್ಟು ಜನ ಇದ್ರೆ ಅಷ್ಟು ತೋರಿಸ್ತದಂತಲ್ಲ ಇದು. ಪಂಚು ಹೇಳಿದ್ದ."

"ಹೌದತ್ತೆ."

"ತಪ್ಪೇ ಇಲ್ವಂತೆ."

"ಇಲ್ಲ."

ಅವರು ತಲೆಯಾಡಿಸಿದರು. ಆ ಪ್ರಶ್ನೆ ಎತ್ತ ಹೋಗುತ್ತಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಕರಿಬಸಣ್ಣ ಬಂದು ಎಲ್ಬೋ ಇನ್ನೊಮ್ಮೆ ಬಿಗಿ ಮಾಡಿದರು. ಅತ್ತೆ ಆಗ ಒಳಗೆ ಮಲಗಿದ್ದರು. ನಾನು ಕಜ್ಜಾಯದ ಪಾಕ ಇಟ್ಟಿದ್ದೆ. ಕೈ ಬಿಡುವ ಹಾಗಿರಲಿಲ್ಲ. "ಬರ್ತೀನಮ್ಮ" ಎಂದದ್ದು ಕೇಳಿಸಿತು. ಹೋದರು ಎಂದುಕೊಂಡೆ.

ಬೆಳಕು ಕಂದುತ್ತಿದ್ದಂತೆ ಎಲ್ಲರೂ ಬಚ್ಚಲಿನ ಬಾಗಿಲಲ್ಲಿ ಸೇರಿದರು. ಮಾವ ಹೊರಬಾಗಿಲ ಚಿಲಕ ಹಾಕಿ ಬಂದರು. ದಾಕ್ಷಾಯಣಿ ನಲ್ಲಿಗೆ ಅರಿಶಿನ ಕುಂಕುಮ ಇಟ್ಟಳು. ಇಂಚರ ತೊಟ್ಟಿಯ ಕಟ್ಟೆಯ ಮೇಲೆ ಹತ್ತಿ ಕೂತಳು. ಮೊದಲು ಗಾಳಿ ಬಂತು, ಆಮೇಲೆ ನೀರು. ಮುಳ್ಳು ಸರಸರನೆ ತಿರುಗಿತು. ಮೂರು, ನಾಲ್ಕು, ಐದು, ಆರು. ಆರರ ಮೇಲೆ ಒಂದು ಗಳಿಗೆ ನಡುಗಿ ಏಳಕ್ಕೆ ಹೋಗಿ ನಿಂತಿತು.

ನಟರಾಜ ಬೆರಳು ಮಡಿಸಿ ನಮ್ಮನ್ನೆಲ್ಲ ಎಣಿಸಿದರು. ಮತ್ತೆ ಎಣಿಸಿದರು.

"ಬಂದ" ಎಂದರು ಅತ್ತೆ.

"ಯಾರಜ್ಜಿ?" ಎಂದಳು ಇಂಚರ.

"ನಿಮ್ಮ ಮಾವ. ಅಮ್ಮ ಬರ್ತಾಳೆ ಅಂತ ಗೊತ್ತಾಗಿದೆ ಅವನಿಗೆ." ಅವರ ದನಿ ತೀರ ಸಹಜವಾಗಿತ್ತು. ನನ್ನ ಕಡೆ ತಿರುಗಿ, "ನಾಳೆ ಮೊದಲನೇ ಮಣೆ ಅವನದು. ಅವನು ಎರಕೊಂಡ ಮೇಲೆ ನಾನು. ಅವನು ಎದ್ದು ಬರೋ ತನಕ ಕಾಯ್ತೀನಿ" ಎಂದರು.

ಹಾಗೆ ಕಾಯಲು ಕೂತರೆ ಅವರು ಮತ್ತೆ ಎಂದೂ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಈ ಊರಿನ ನೀರು ಸತ್ತವರನ್ನು ಎಣಿಸುವುದಿಲ್ಲ ಎಂಬುದೂ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳಬೇಕಿತ್ತು. ಆ ಏಳನ್ನು ನಾನೂ ನೋಡುತ್ತಿದ್ದೆ.

ಅಷ್ಟರಲ್ಲಿ ಎಲ್ಬೋ ಬಾಯಿ ಬಿಟ್ಟಿತು. ನೀರು ತೊಟ್ಟಿಗೆ ಬೀಳುವುದನ್ನು ಬಿಟ್ಟು ಗೋಡೆಗೆ ಚಿಮ್ಮತೊಡಗಿತು. ಇಂಚರ ಕಿರುಚಿದಳು. ಹಿತ್ತಲಲ್ಲಿ ತಾರಸಿಯ ಮೆಟ್ಟಿಲ ಮೇಲೆ ಯಾರೋ ದಡದಡ ಇಳಿದು ಬಂದ ಸದ್ದಾಯಿತು. ಕರಿಬಸಣ್ಣ ನಮ್ಮನ್ನೆಲ್ಲ ಸರಿಸಿ ನುಗ್ಗಿ ಎಲ್ಬೋವನ್ನು ಎರಡೂ ಕೈಯಿಂದ ಅಮುಕಿ ಹಿಡಿದರು. ನೀರು ಅವರ ಮುಖಕ್ಕೆ ಹೊಡೆಯುತ್ತಿತ್ತು.

"ಬಟ್ಟೆ ಕೊಡಿ. ಗಟ್ಟಿ ಬಟ್ಟೆ ಯಾವ್ದಾದ್ರೂ. ಆರು ತಡೀಬೇಕಿತ್ತು, ಯಾಕೆ ಹಿಂಗಾಯ್ತೋ."

ಅತ್ತೆ ಅವರನ್ನೇ ನೋಡುತ್ತಿದ್ದರು. "ಯಾರಪ್ಪ ನೀನು?"

"ಪ್ಲಂಬರ್ ಅಮ್ಮ."

"ಯಾವಾಗಿಂದ ಇದ್ದೀಯ ಇಲ್ಲಿ?"

"ನಾಲ್ಕು ಗಂಟೆಯಿಂದ. ಈ ಎಲ್ಬೋ ಮೇಲೆ ಧೈರ್ಯ ಸಾಲ್ಲಿಲ್ಲ. ಏನಾದ್ರೂ ಆದ್ರೆ ಕೈಗೆ ಸಿಗೋಣ ಅಂತ ತಾರಸಿ ಮೇಲೆ..." ಎನ್ನುತ್ತಾ ಅವರು ತಲೆಯೆತ್ತಿ ಮುಳ್ಳು ನೋಡಿದರು. ಇಪ್ಪತ್ತು ವರ್ಷದಿಂದ ಊರಿನ ಮನೆಮನೆಯ ತಲೆ ಎಣಿಸಿದವರು. ತಾರಸಿಯೂ ಮನೆಯೇ ಎಂದು ಎಷ್ಟೋ ಜನರಿಗೆ ಬುದ್ಧಿ ಹೇಳಿದವರು.

"ನನ್ನ ತಲೆ ಮರೆತೆ" ಎಂದರು. "ತಪ್ಪಾಯ್ತಮ್ಮ. ಕಾಯೋಣ ಅಂತ ಕೂತು ನಾನೇ ಒಡೆದೆ."

ದಾಕ್ಷಾಯಣಿ ಮುಖ ತಿರುಗಿಸಿಕೊಂಡಳು. ಮಾವ ಅತ್ತೆಯ ತೋಳು ಹಿಡಿದುಕೊಳ್ಳಲು ಕೈ ಚಾಚಿದರು. ಅತ್ತೆ ಆ ಕೈಯನ್ನು ನೋಡಲಿಲ್ಲ. ಎಲ್ಬೋ ಹಿಡಿದು ನಿಂತ ಆಳನ್ನು ಬಹಳ ಹೊತ್ತು ನೋಡಿದರು. ಬೆರಳ ಸಂದಿಯಿಂದ ನೀರು ಸುರಿಯುತ್ತಿತ್ತು. ನನಗೆ ಆಗ ಅನಿಸಿದ್ದು ಒಂದೇ: ಇವರು ಈಗ ಬಾಗಿಲು ತೆಗೆದು ಬಸ್ ಸ್ಟ್ಯಾಂಡಿಗೆ ಹೊರಡುತ್ತಾರೆ.

ಅತ್ತೆ ತಲೆಗೆ ಕೈ ಹಾಕಿ ಟವೆಲ್ ಬಿಚ್ಚಿದರು. ಅದು ಕೂದಲಿಗೆ ಅಂಟಿಕೊಂಡಿತ್ತು. ಎಳೆದು ತೆಗೆದರು. ಅಂಚನ್ನು ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಎರಡು ಪಟ್ಟಿಯಾಗಿ ಸೀಳಿದರು.

"ಹಿಡ್ಕೋ" ಎಂದರು. "ಮೊದಲು ಕೆಳಗಿಂದ ಸುತ್ತು."

ಕರಿಬಸಣ್ಣ ಹಿಡಿದರು, ಅತ್ತೆ ಸುತ್ತಿದರು, ನಾನು ತುದಿ ಎಳೆದು ಗಂಟು ಹಾಕಿದೆ. ನೀರು ಮತ್ತೆ ತೊಟ್ಟಿಗೆ ಬೀಳತೊಡಗಿತು. ನಿಂತಾಗ ಸುಮಾರು ಐದು ಜನರ ಪಾಲು ಉಳಿದಿತ್ತು. ಏಳು ತಲೆಗೆ ಐದು ಪಾಲು.

ಕರಿಬಸಣ್ಣ ಪಾನಾ ತೆಗೆದುಕೊಂಡು ತಲೆ ತಗ್ಗಿಸಿ ಹೊರಟರು. ಅತ್ತೆ ಕರೆದರು.

"ಬೆಳಿಗ್ಗೆ ಬಾರಪ್ಪ. ನಿನ್ನ ರೂಮಲ್ಲಿ ಇವತ್ತು ನೀರು ಬಂದಿರಲ್ಲ. ನಿನ್ನ ಪಾಲು ಇಲ್ಲಿದೆ."

"ಗೋಡೆಗೆ ಹೋಯ್ತಲ್ಲಮ್ಮ ಅದು."

"ಉಳಿದದ್ದಕ್ಕೆ ಬಾ."

ನಸುಕಿನಲ್ಲಿ ಹಂಡೆಗೆ ಉರಿ ಹಾಕಿದೆ. ಹರಳೆಣ್ಣೆ ಕಾಯಿಸಿದೆ. ಅತ್ತೆ ಬಂದು ಯಾರೂ ಹೇಳದೆಯೇ ಮಣೆಯ ಮೇಲೆ ಕೂತರು. ದಾಕ್ಷಾಯಣಿ ಬಟ್ಟಲಿಗೆ ಕೈ ಹಾಕಿದಾಗ, "ನೀನು ಬೇಡ, ಅವಳು ಹಾಕ್ಲಿ" ಎಂದರು. ಎರಡು ವರ್ಷದ ಸೊಸೆತನದಲ್ಲಿ ನಾನು ಅವರ ತಲೆ ಮುಟ್ಟಿರಲಿಲ್ಲ. ಕೂದಲು ತೆಂಗಿನ ನಾರಿನ ಹಾಗೆ ಒಂದಕ್ಕೊಂದು ಬೆಸೆದಿತ್ತು. ಎಣ್ಣೆ ಸುರಿದು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸತೊಡಗಿದೆ.

"ಒಂದು ಮಾತು ಕೇಳ್ತೀನಿ" ಎಂದರು, ಮುಖ ಆಚೆಗೇ ಇತ್ತು. "ನಾವೆಲ್ಲ ಹೊರಟು ಹೋದ ದಿನ ಮುಳ್ಳು ಎಷ್ಟು ತೋರಿಸ್ತು?"

"ಒಂದು ಅತ್ತೆ."

"ಸರಿಯಾಗಿ ನೋಡಿದ್ಯಾ?"

"ಗಾಜು ತಟ್ಟಿ ನೋಡಿದೆ. ಮಾರನೇ ದಿನವೂ ತಟ್ಟಿದೆ. ಒಂದು ತಿಂಗಳು ತಟ್ಟಿದೆ."

ಅವರು ಕೈಯನ್ನು ಹಿಂದಕ್ಕೆ ತಂದು ಎಣ್ಣೆಯಾದ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. "ಒಬ್ಬಳೇ ನಿಂತು ತಟ್ಟಿದ್ಯಲ್ಲ ಮಗಾ. ನಾನು ಹೋಗಬಾರದಿತ್ತು" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಅಲ್ಲಿ ನೋಯ್ತದೆ, ಮೆಲ್ಲಗೆ" ಎಂದರು.

ಬಿಡಿಸಿ ಮುಗಿಯುವಾಗ ಬಿಸಿಲು ಬಂದಿತ್ತು. ಬಿಡಿಸಲು ಬಾರದ ಎರಡು ಗಂಟುಗಳನ್ನು ಮಾತ್ರ ಕತ್ತರಿಸಿದೆ. ಅವರು ಬೇಡ ಎನ್ನಲಿಲ್ಲ. ಬಾಗಿಲಾಚೆ ಮಾವ, "ನಮಗೂ ಒಂದು ಚೊಂಬು ಉಳಿಸ್ತೀರೋ ಇಲ್ವೋ" ಎಂದರೆ ಅತ್ತೆ ಒಳಗಿನಿಂದಲೇ, "ಹದಿನಾಲ್ಕು ತಿಂಗಳ ಕೊಳೆ ಇದು, ಕಾಯ್ರಿ" ಎಂದರು. ಸೀಗೆಪುಡಿ ಹಚ್ಚಿ ಚೊಂಬು ಚೊಂಬಾಗಿ ಎರೆದೆ. ಹುಣ್ಣಿಗೆ ಉರಿದಾಗ ಹಲ್ಲು ಕಚ್ಚಿದರು, ಏಳಲಿಲ್ಲ. ನೀರು ಮೊದಲು ಕಪ್ಪಾಗಿ ಹರಿಯಿತು, ಆಮೇಲೆ ಬೂದಿಬಣ್ಣ, ಕೊನೆಗೆ ತಿಳಿ.

ಉಳಿದವರೆಲ್ಲ ಇದ್ದ ನೀರಿನಲ್ಲಿ ಬೇಗಬೇಗ ಮುಗಿಸಿದರು. ಯಾರ ಪಾಲು ಯಾರಿಗೆ ಹೋಯಿತೋ ಯಾರೂ ನೋಡಲಿಲ್ಲ. ಕರಿಬಸಣ್ಣ ಇಸ್ತ್ರಿ ಮಾಡಿದ ಅಂಗಿಯನ್ನು ಕೈಯಲ್ಲಿ ಹಿಡಿದು, ಸಂಕೋಚದಿಂದ ಮಣೆಯ ತುದಿಯಲ್ಲಿ ಕೂತರು. ಅತ್ತೆ ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡೇ ಬಂದು ಅವರ ನೆತ್ತಿಗೆ ಎಣ್ಣೆ ಇಟ್ಟರು.

"ತಾಯಿ ಇದಾಳೇನಪ್ಪ?"

"ಇದಾಳಮ್ಮ, ಊರಲ್ಲಿ."

"ಹಬ್ಬಕ್ಕೆ ಹೋಗಲ್ವಾ?"

"ಹಬ್ಬದ ದಿನಾನೇ ಅಲ್ವಾ ಎಲ್ರ ಮನೆ ಪೈಪೂ ಒಡೆಯೋದು."

"ಇವತ್ತು ಒಡೆದದ್ದು ಸಾಕು. ಸಂಜೆ ಬಸ್ಸಿಗೆ ಹೋಗು" ಎಂದರು ಅತ್ತೆ.

ಆತ ಹೋದ ಮೇಲೆ ಹಂಡೆಯ ತಳದಲ್ಲಿ ನಾಲ್ಕು ಚೊಂಬು ಉಳಿದಿರಬಹುದು. ನಾನು ಬಟ್ಟಲು ತೊಳೆಯಲು ಎತ್ತಿಕೊಂಡೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಂಡದ ಮೇಲಿಟ್ಟರು.

"ನಿನ್ನ ತಲೆಗೆ ಯಾರು ಹಾಕಿದ್ರು ಇಷ್ಟು ದಿನ?"

ಮಣೆಯ ಮೇಲೆ ಕೂತೆ. ಅವರ ಅಂಗೈ ನನ್ನ ನೆತ್ತಿಯ ಮೇಲೆ ಇಳಿಯಿತು. ಎಣ್ಣೆ ಬಿಸಿಯಾಗಿತ್ತು. ಎಷ್ಟೋ ತಿಂಗಳ ಮೇಲೆ, ಬಿಸಿಯಾಗಿದೆ ಎಂದು ನನಗೆ ಗೊತ್ತಾಯಿತು.